ಸರಕಿಗೊಂದು ಗುರುತು: ಲಾಂಛನದ ರಚನೆ ಮತ್ತು ಅಕ್ಷರದ ಆಯ್ಕೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಅಡಿಕೆಯು ಮುಖ್ಯ ತೋಟದ ಬೆಳೆ. ಕಾಳುಮೆಣಸು, ಏಲಕ್ಕಿ, ಬಾಳೆ ಮೊದಲಾದವು ಅದರೊಡನೆ ಬರುವ ಮಿಶ್ರ ಬೆಳೆಗಳು. ಬೆಳೆಗಾರನು ಅಡಿಕೆಯನ್ನು ರಾಶಿ, ತಟ್ಟಿಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕ ಎಂದು ವಿಂಗಡಿಸಿ ಸಹಕಾರಿ ಸಂಘದ ಅಂಗಳದಲ್ಲಿ ಟೆಂಡರಿಗೆ ಇಡುತ್ತಾನೆ. ಖರೀದಿದಾರನು ಕೈಯಲ್ಲಿ ಹಿಡಿದು, ಒಡೆದು ನೋಡಿ, ದರ ಬರೆಯುತ್ತಾನೆ. ಅಲ್ಲಿ ಮಾಲು ಕಣ್ಣೆದುರಿಗೇ ಇರುವುದರಿಂದ ಬೇರೆ ಗುರುತಿನ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಆದರೆ ಇಂದು ರೈತ ಸಂಘಗಳು, ಮಹಿಳಾ ಸ್ವಸಹಾಯ ಗುಂಪುಗಳು ಮತ್ತು ಕೆಲವು ಬೆಳೆಗಾರರು ಕಾಳುಮೆಣಸು, ಜೇನುತುಪ್ಪ, ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಸಿಪ್ಪೆ ಮುಂತಾದವನ್ನು ಪೊಟ್ಟಣ ಮತ್ತು ಬಾಟಲಿಗಳಲ್ಲಿ ತುಂಬಿ ದೂರದ ಊರುಗಳಿಗೆ ಕಳುಹಿಸುತ್ತಿದ್ದಾರೆ. ಮೊಹರು ಮಾಡಿದ ಪೊಟ್ಟಣವನ್ನು ಯಾರೂ ಅಂಗಡಿಯಲ್ಲಿ ಒಡೆದು ನೋಡುವುದಿಲ್ಲ. ಕೊಳ್ಳುವವನ ಕಣ್ಣು ಮಾಡಬೇಕಾದ ಕೆಲಸವನ್ನು ಅಲ್ಲಿ ಗುರುತು ಮಾಡಬೇಕಾಗುತ್ತದೆ. ಒಮ್ಮೆ ಕೊಂಡು ತೃಪ್ತನಾದವನು ಮತ್ತೆ ಅದೇ ಮಾಲನ್ನು ಹುಡುಕಿ ಬರಲು ಇರುವ ಒಂದೇ ಆಧಾರ ಆ ಗುರುತು. ಅದು ಮರೆತುಹೋಗುವಂತಿದ್ದರೆ, ಅಥವಾ ಪಕ್ಕದ ಪೊಟ್ಟಣದಂತೆಯೇ ಇದ್ದರೆ, ಒಳ್ಳೆಯ ಮಾಲು ತಯಾರಿಸಿದ ಶ್ರಮದ ಫಲ ಬೇರೆಯವರಿಗೆ ಸಂದಾಯವಾಗುತ್ತದೆ.

ಆದುದರಿಂದ ಲಾಂಛನದ ರಚನೆಯನ್ನೂ, ಅದಕ್ಕೆ ಹೊಂದುವ ಅಕ್ಷರದ ಆಯ್ಕೆಯನ್ನೂ ಅಚ್ಚಿನ ಮನೆಯವರಿಗೇ ಬಿಟ್ಟುಬಿಡದೆ, ಸಂಘದ ಸದಸ್ಯರು ತಾವೇ ತಿಳಿದುಕೊಳ್ಳುವುದು ಒಳ್ಳೆಯದು. ಇದಕ್ಕೆ ದುಬಾರಿ ಸಾಧನಗಳು ಬೇಕಿಲ್ಲ. ನಕ್ಷೆಯ ಹಾಳೆ, ಅಳತೆಪಟ್ಟಿ, ಕೈವಾರ ಮತ್ತು ಪೆನ್ಸಿಲ್ ಇದ್ದರೆ ಸಾಕು.

ಊರಿನ ಹೆಸರು ಎಲ್ಲರದು, ಗುರುತು ಮಾತ್ರ ಸ್ವಂತದ್ದು

ಗುರುತನ್ನು ರಚಿಸುವ ಮೊದಲು ಹೆಸರಿನ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು. ಈ ಮೂರು ತಾಲ್ಲೂಕುಗಳಲ್ಲಿ ಬೆಳೆಯುವ ಅಡಿಕೆಗೆ 2019ರಲ್ಲಿ 'ಶಿರಸಿ ಸುಪಾರಿ' ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿ.ಐ. ಟ್ಯಾಗ್ ದೊರೆಯಿತು. ಇದಕ್ಕೆ ಅರ್ಜಿ ಸಲ್ಲಿಸಿದ್ದು 1923ರಲ್ಲಿ ಸ್ಥಾಪನೆಯಾದ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ. ಚಪ್ಪಟೆಯಾದ ದುಂಡು ನಾಣ್ಯದಂಥ ಆಕಾರ ಮತ್ತು ವಿಶಿಷ್ಟ ರುಚಿ ಈ ಅಡಿಕೆಯ ಲಕ್ಷಣಗಳು.

ಇಂಥ ಹೆಸರು ಒಬ್ಬ ವ್ಯಾಪಾರಿಯ ಅಥವಾ ಒಂದು ಸಂಘದ ಸ್ವತ್ತಲ್ಲ. ಆ ಪ್ರದೇಶದ ಬೆಳೆಗಾರರು ಚೆನ್ನೈನಲ್ಲಿರುವ ಭೌಗೋಳಿಕ ಗುರುತುಗಳ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ಹೆಸರು ದಾಖಲಿಸಿಕೊಂಡು ಅದನ್ನು ಬಳಸಬಹುದು. ಇನ್ನೊಂದು ಕಡೆ, ಕೇವಲ ಊರಿನ ಹೆಸರನ್ನಾಗಲಿ, 'ಶುದ್ಧ ಮೆಣಸು' ಎಂಬಂತೆ ಮಾಲನ್ನು ಬರೇ ವರ್ಣಿಸುವ ಪದಗಳನ್ನಾಗಲಿ ಒಬ್ಬರ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲು 1999ರ ವ್ಯಾಪಾರ ಚಿಹ್ನೆಗಳ ಕಾಯಿದೆ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಹೀಗಾಗಿ 'ಶಿರಸಿ ಜೇನು' ಎಂದು ದೊಡ್ಡದಾಗಿ ಬರೆಸಿದ ಮಾತ್ರಕ್ಕೆ ಸಂಘಕ್ಕೆ ಸ್ವಂತ ಗುರುತು ಬಂದಂತಾಗಲಿಲ್ಲ. ನಾಳೆ ಇನ್ನೊಬ್ಬರೂ ಹಾಗೆಯೇ ಬರೆಸಬಹುದು.

ಪೊಟ್ಟಣದ ಮೇಲೆ ಎರಡು ಸಂಗತಿಗಳು ಬೇರೆ ಬೇರೆಯಾಗಿ ಕಾಣಬೇಕು. ಮಾಲು ಎಲ್ಲಿಯದು ಎಂಬುದನ್ನು ಊರಿನ ಹೆಸರು ಹೇಳಬೇಕು. ಮಾಲು ಯಾರದು, ಅದಕ್ಕೆ ಹೊಣೆ ಯಾರು ಎಂಬುದನ್ನು ಸಂಘದ ಸ್ವಂತ ಹೆಸರು ಮತ್ತು ಲಾಂಛನ ಹೇಳಬೇಕು.

ರೇಖಾಕೃತಿಯ ಲಾಂಛನ ಏಕೆ?

ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ ಅಡಿಕೆ ಮರ, ಉದಯಿಸುವ ಸೂರ್ಯ, ಹರಿಯುವ ಹೊಳೆ, ದೇವರ ಚಿತ್ರ ಇವೆಲ್ಲವನ್ನೂ ಒಟ್ಟಿಗೆ ತುಂಬಿಸುವುದು ಕಂಡುಬರುತ್ತದೆ. ಚಿತ್ರ ದೊಡ್ಡದಿದ್ದಾಗ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದನ್ನೇ ಬಾಟಲಿಯ ಮುಚ್ಚಳದ ಮೇಲೆ ಒತ್ತಿದಾಗ ಎಲ್ಲವೂ ಕಲಸಿ ಒಂದು ಕಲೆಯಾಗುತ್ತದೆ. ಗೋಣಿಚೀಲದ ಮೇಲೆ ತಗಡಿನ ಅಚ್ಚಿನಿಂದ ಬಣ್ಣ ಹೊಡೆಯುವುದಂತೂ ಸಾಧ್ಯವೇ ಇಲ್ಲ.

ವೃತ್ತ, ತ್ರಿಕೋನ, ಚೌಕ ಇಂಥ ಸರಳ ಆಕೃತಿಗಳಿಂದ ಮಾಡಿದ ಲಾಂಛನಕ್ಕೆ ಈ ತೊಂದರೆ ಇಲ್ಲ. ಭಾರತೀಯ ಸ್ಟೇಟ್ ಬ್ಯಾಂಕಿನ ಗುರುತನ್ನು ಎಲ್ಲ ರೈತರೂ ಪಾಸ್‌ಬುಕ್ಕಿನ ಮೇಲೆ ನೋಡಿದ್ದಾರೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್ ಅವರು 1971ರಲ್ಲಿ ರಚಿಸಿದ ಅದು ಒಂದು ನೀಲಿ ವೃತ್ತ, ನಡುವೆ ಒಂದು ಸಣ್ಣ ರಂಧ್ರ, ಅಲ್ಲಿಂದ ಕೆಳಕ್ಕೆ ಒಂದು ಸೀಳು, ಅಷ್ಟೇ. ಕೆನರಾ ಬ್ಯಾಂಕು 2007ರಲ್ಲಿ ತಂದ ಗುರುತು ಒಂದಕ್ಕೊಂದು ಹೆಣೆದುಕೊಂಡ ಎರಡು ತ್ರಿಕೋನಗಳದು. ಓದು ಬಾರದವರೂ ಇವನ್ನು ದೂರದಿಂದ ಗುರುತಿಸುತ್ತಾರೆ.

ರೇಖಾಕೃತಿಗಳು ನಮ್ಮ ಸೀಮೆಗೆ ಹೊಸವೂ ಅಲ್ಲ. ಸಿದ್ದಾಪುರ, ಶಿರಸಿ ಮತ್ತು ನೆರೆಯ ಸಾಗರ, ಸೊರಬದ ಕಡೆಯ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚ ಹಿಡಿದು ಬರೆಯುವ ಹಸೆ ಚಿತ್ತಾರ ಸಂಪೂರ್ಣವಾಗಿ ಗೆರೆ, ಚೌಕ ಮತ್ತು ತ್ರಿಕೋನಗಳ ಕಲೆ. ಗೆರೆಗಳ ನಡುವೆ ಬಿಡುವ ಸಮನಾದ ಅಂತರ ಅದರ ಸೊಬಗಿಗೆ ಮುಖ್ಯ ಕಾರಣ. ಲಾಂಛನ ರಚಿಸುವವರು ಆ ಅಂತರದ ಶಿಸ್ತನ್ನು ಕಲಿಯಬೇಕು. ಆದರೆ ಮದುವೆಯ ಹಸೆಯ ಚಿತ್ರವನ್ನೇ ಎತ್ತಿ, ಬಳಸಿ ಬಿಸಾಡುವ ಪೊಟ್ಟಣದ ಮೇಲೆ ಅಚ್ಚು ಹಾಕುವುದು ಸರಿಯಲ್ಲ. ಅದನ್ನು ಬರೆಯುವವರ ಒಪ್ಪಿಗೆ ಇಲ್ಲದೆ ಬಳಸಲೂಬಾರದು.

ರಚನೆಯ ವಿಧಾನ

ಕೆಳಗಿನ ಉದಾಹರಣೆಯಲ್ಲಿ ಬೆಟ್ಟ ಮತ್ತು ತೋಟ ಎಂಬ ಎರಡು ಸಂಗತಿಗಳನ್ನು ಮಾತ್ರ ತೆಗೆದುಕೊಳ್ಳಲಾಗಿದೆ. ಈ ಸೀಮೆಯ ಅಡಿಕೆ ತೋಟ ಕಣಿವೆಯಲ್ಲಿರುತ್ತದೆ. ಅದಕ್ಕೆ ಸೊಪ್ಪು ಒದಗಿಸುವ ಬೆಟ್ಟ ಅದರ ಮೇಲಿರುತ್ತದೆ. ಬೆಟ್ಟಕ್ಕೆ ತ್ರಿಕೋನ, ಕಣಿವೆಯ ತೋಟಕ್ಕೆ ಅರ್ಧವೃತ್ತ. ಅರ್ಧವೃತ್ತವು ಅಡಿಕೆಯ ಹೋಳನ್ನೂ ನೆನಪಿಗೆ ತರುತ್ತದೆ.

1. ನಕ್ಷೆಯ ಹಾಳೆಯ ಮೇಲೆ 60 ಮಿ.ಮೀ. ಚೌಕ ಹಾಕಿ, ಅಡ್ಡ ಮತ್ತು ಉದ್ದ ನಡುಗೆರೆಗಳನ್ನು ಎಳೆಯಬೇಕು. ಅವು ಸೇರುವ ಬಿಂದುವೇ ಕೇಂದ್ರ.

2. ಕೇಂದ್ರದಲ್ಲಿ ಕೈವಾರದ ಮೊನೆಯನ್ನಿಟ್ಟು 30 ಮಿ.ಮೀ. ತ್ರಿಜ್ಯದ ವೃತ್ತ ಬರೆಯಬೇಕು.

3. ಅಡ್ಡ ನಡುಗೆರೆಯಿಂದ ಮೇಲಕ್ಕೆ 2.5 ಮಿ.ಮೀ. ಮತ್ತು ಕೆಳಕ್ಕೆ 2.5 ಮಿ.ಮೀ. ದೂರದಲ್ಲಿ ಎರಡು ಸಮಾನಾಂತರ ಗೆರೆಗಳನ್ನು ಎಳೆಯಬೇಕು. ಇವುಗಳ ನಡುವಿನ 5 ಮಿ.ಮೀ. ಪಟ್ಟಿ ಖಾಲಿಯಾಗಿರಬೇಕು.

4. ಕೆಳಗಿನ ಗೆರೆಯಿಂದ ವೃತ್ತದ ತಳದವರೆಗಿನ ಭಾಗಕ್ಕೆ ಕಪ್ಪು ತುಂಬಬೇಕು. ಇದು ತೋಟ.

5. ಮೇಲಿನ ಗೆರೆ ವೃತ್ತವನ್ನು ಮುಟ್ಟುವ ಎರಡು ಬಿಂದುಗಳಿಂದ ವೃತ್ತದ ನೆತ್ತಿಗೆ ನೇರ ಗೆರೆಗಳನ್ನು ಎಳೆದು, ಉಂಟಾದ ತ್ರಿಕೋನಕ್ಕೆ ಕಪ್ಪು ತುಂಬಬೇಕು. ಇದು ಬೆಟ್ಟ. ಇದರ ಎತ್ತರ 27.5 ಮಿ.ಮೀ. ಬರುತ್ತದೆ.

6. ಉಳಿದ ಗೆರೆಗಳನ್ನು ಅಳಿಸಬೇಕು.

ಇಲ್ಲಿ ಖಾಲಿ ಪಟ್ಟಿಯೇ ಮುಖ್ಯ. ತಗಡಿನಲ್ಲಿ ಅಚ್ಚು ಕತ್ತರಿಸಿದಾಗ ಎರಡು ರಂಧ್ರಗಳ ನಡುವಿನ ಪಟ್ಟಿ ತಗಡನ್ನು ಹಿಡಿದಿಡುತ್ತದೆ. ಇದರ ಬದಲು ವೃತ್ತದೊಳಗೆ ಇನ್ನೊಂದು ವೃತ್ತವನ್ನು ಬರೆದಿದ್ದರೆ, ಕತ್ತರಿಸಿದ ಕೂಡಲೇ ನಡುವಿನ ತುಂಡು ಕಳಚಿ ಬೀಳುತ್ತಿತ್ತು. ಅಂಥ ಆಕೃತಿ ಬೇಕೇ ಬೇಕೆಂದಾದರೆ ಎರಡು ಮೂರು ಕಡೆ ತಗಡಿನ ಕಿರುಪಟ್ಟಿಗಳನ್ನು ಬಿಟ್ಟೇ ಕತ್ತರಿಸಬೇಕು.

ಅಳತೆ ಬದಲಾದಾಗ ಪಟ್ಟಿಯ ಅಗಲವನ್ನೂ ಗಮನಿಸಬೇಕು. ಮೇಲಿನ ರಚನೆಯಲ್ಲಿ ಅದು ಲಾಂಛನದ ಅಗಲದ ಹನ್ನೆರಡನೆಯ ಒಂದು ಭಾಗ. ಗೋಣಿಚೀಲಕ್ಕಾಗಿ ಲಾಂಛನವನ್ನು 240 ಮಿ.ಮೀ.ಗೆ ಹಿಗ್ಗಿಸಿದರೆ ಪಟ್ಟಿ 20 ಮಿ.ಮೀ. ಆಗುತ್ತದೆ; ಸೆಣಬಿನ ಒರಟು ನೂಲಿನ ಮೇಲೆಯೂ ಅದು ಸ್ಪಷ್ಟವಾಗಿ ಕಾಣುತ್ತದೆ. ಅದೇ ಲಾಂಛನವನ್ನು 10 ಮಿ.ಮೀ.ಗೆ ಕುಗ್ಗಿಸಿದರೆ ಪಟ್ಟಿ 1 ಮಿ.ಮೀ.ಗಿಂತ ಕಡಿಮೆಯಾಗಿ, ರಬ್ಬರ್ ಮೊಹರಿನ ಶಾಯಿ ಹರಡಿ ಮುಚ್ಚಿಹೋಗುತ್ತದೆ. ಆದುದರಿಂದ ಸಣ್ಣ ಅಳತೆಗೆಂದೇ ಪಟ್ಟಿಯನ್ನು ಎರಡು ಪಟ್ಟು ಅಗಲ ಮಾಡಿದ ಇನ್ನೊಂದು ಮೂಲಪ್ರತಿಯನ್ನು ಸಿದ್ಧಪಡಿಸಿಕೊಳ್ಳಬೇಕು.

ಇದು ವಿಧಾನವನ್ನು ತೋರಿಸಲು ಕೊಟ್ಟ ಉದಾಹರಣೆ ಮಾತ್ರ. ಹತ್ತು ಸಂಘಗಳು ಇದನ್ನೇ ಬಳಸಿದರೆ ಗುರುತಿನ ಉದ್ದೇಶವೇ ಕೆಡುತ್ತದೆ. ಜೇನು ಸಾಕುವವರು ಷಟ್ಕೋನವನ್ನು, ಮೆಣಸು ಬೆಳೆಯುವವರು ಸಾಲಾಗಿ ಇಳಿಯುವ ವೃತ್ತಗಳನ್ನು ಮೂಲವಾಗಿಟ್ಟುಕೊಂಡು ತಮ್ಮದೇ ರಚನೆ ಮಾಡಿಕೊಳ್ಳಬೇಕು. ಒಂದು ಲಾಂಛನದಲ್ಲಿ ಎರಡಕ್ಕಿಂತ ಹೆಚ್ಚು ಬಗೆಯ ಆಕೃತಿಗಳು ಬಾರದಂತೆ ನೋಡಿಕೊಳ್ಳುವುದು ಒಳ್ಳೆಯದು.

ಅಕ್ಷರದ ಆಯ್ಕೆ

ಲಾಂಛನದ ಕೆಳಗೆ ಅಥವಾ ಪಕ್ಕದಲ್ಲಿ ಬರುವ ಹೆಸರಿನ ಅಕ್ಷರವೂ ಗುರುತಿನ ಭಾಗವೇ. ಕನ್ನಡ ಅಕ್ಷರಗಳು ಸ್ವಭಾವತಃ ದುಂಡಗಿನವು. ತಾಳೆಗರಿಯ ಮೇಲೆ ಲೋಹದ ಮೊನೆಯಿಂದ ಬರೆಯುವಾಗ ನೇರ ಗೆರೆ ಗರಿಯನ್ನು ಸೀಳುವ ಸಂಭವವಿದ್ದುದರಿಂದ ದುಂಡು ರೂಪ ಬೆಳೆಯಿತೆಂದು ಹೇಳುವುದುಂಟು. ಈ ದುಂಡುತನ ವೃತ್ತದಿಂದ ಹುಟ್ಟಿದ ಲಾಂಛನಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಕೆಳಗಿನ ಅಂಶಗಳನ್ನು ಗಮನಿಸಬೇಕು.

ಗೀರಿನ ದಪ್ಪ: ರೇಖಾಕೃತಿಯ ಲಾಂಛನಕ್ಕೆ ಎಲ್ಲೆಡೆ ಒಂದೇ ದಪ್ಪದ ಗೀರಿರುವ ಅಕ್ಷರ ಹೊಂದುತ್ತದೆ. ದಪ್ಪ-ತೆಳು ಬೆರೆತ ಪುಸ್ತಕದ ಅಕ್ಷರ ಹತ್ತಿರದಿಂದ ಅಂದವಾಗಿದ್ದರೂ ಅದರ ತೆಳು ಗೀರುಗಳು ಚೀಲದ ಮೇಲೆ ಮಾಯವಾಗುತ್ತವೆ. ಲಾಂಛನ 60 ಮಿ.ಮೀ. ಇದ್ದರೆ ಅಕ್ಷರದ ಎತ್ತರ 20 ಮಿ.ಮೀ., ಗೀರಿನ ದಪ್ಪ ಸುಮಾರು 3 ಮಿ.ಮೀ. ಇರಿಸಿಕೊಂಡು ನೋಡಬಹುದು. ಅತಿ ದಪ್ಪ ಮಾಡಿದರೆ ಗುಡಿಸಿನ ಕಣ್ಣು ಮುಚ್ಚಿಹೋಗುತ್ತದೆ.

ಸೀಳು ಅಕ್ಷರಗಳು: ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವೆ ಅಡಿಯ ಒಂದು ಸಣ್ಣ ಸೀಳಷ್ಟೇ ವ್ಯತ್ಯಾಸ. ಶಾಯಿ ಹರಡಿದರೆ 'ಫಲ' ಎಂಬುದು 'ಪಲ' ಆಗುತ್ತದೆ. ಇಂಥ ಅಕ್ಷರಗಳಿರುವ ಹೆಸರಾದರೆ ಸೀಳು ಉದ್ದವಾಗಿರುವ ಅಚ್ಚನ್ನು ಆರಿಸಬೇಕು.

ಒತ್ತಕ್ಷರ: 'ಶಿರಸಿ' ಎಂಬ ಹೆಸರಿನಲ್ಲಿ ಒತ್ತು ಇಲ್ಲ, ಒಂದೇ ಸಾಲಿನಲ್ಲಿ ಅಡಕವಾಗಿ ಕೂರುತ್ತದೆ. 'ಸಿದ್ದಾಪುರ', 'ಯಲ್ಲಾಪುರ' ಇವುಗಳಲ್ಲಿ ಒತ್ತು ಕೆಳಗಿಳಿಯುತ್ತದೆ. ಅದಕ್ಕಾಗಿ ಅಕ್ಷರದ ಎತ್ತರದ ಕನಿಷ್ಠ ಅರ್ಧದಷ್ಟು ಜಾಗವನ್ನು ಅಡಿಯಲ್ಲಿ ಬಿಡಬೇಕು. ಇಲ್ಲವಾದರೆ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದಲು ತೊಡಕಾಗುತ್ತದೆ. ಸಂಘಕ್ಕೆ ಹೊಸ ಹೆಸರು ಇಡುವಾಗಲೇ ಒತ್ತುಗಳು ಕಡಿಮೆ ಇರುವ, ಮೂರು ನಾಲ್ಕು ಅಕ್ಷರಗಳ ಹೆಸರನ್ನು ಆರಿಸಿದರೆ ಮುಂದಿನ ಎಲ್ಲ ಕೆಲಸವೂ ಸುಲಭ.

ಒಂದೇ ಬರವಣಿಗೆ: ಫಲಕಗಳಲ್ಲಿ 'ಶಿರಸಿ' ಎಂದೂ 'ಶಿರ್ಸಿ' ಎಂದೂ ಎರಡು ಬಗೆಯಲ್ಲಿ ಬರೆಯುವುದು ಕಾಣುತ್ತದೆ. ಪೊಟ್ಟಣ, ರಸೀತಿ, ಚೀಲ ಎಲ್ಲದರ ಮೇಲೂ ಒಂದೇ ರೂಪವನ್ನು ಬಳಸಬೇಕು.

ತಗಡಿನ ಅಚ್ಚು: ರ, ಠ ಮತ್ತು ಸೊನ್ನೆ ಮುಂತಾದ ಮುಚ್ಚಿದ ಹೊಟ್ಟೆಯ ರೂಪಗಳಿಗೆ ಮೇಲೆ ಹೇಳಿದ ಕಿರುಪಟ್ಟಿ ಅಗತ್ಯ.

ಇಂದು ಗಣಕಯಂತ್ರದಲ್ಲಿ ಬಳಸುವ ಮುಕ್ತ ಪರವಾನಗಿಯ ಕನ್ನಡ ಅಕ್ಷರವಿನ್ಯಾಸಗಳು ಹಲವು ಇವೆ. ಅನೇಕ್ ಕನ್ನಡ ಮತ್ತು ನೋಟೊ ಸಾನ್ಸ್ ಕನ್ನಡ ಇವೆರಡರ ಗೀರು ಬಹುಮಟ್ಟಿಗೆ ಸಮನಾಗಿದ್ದು ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಲ್ಲಿ ಸಿಗುತ್ತವೆ. ಬಾಲೂ ತಮ್ಮ ದಪ್ಪನಾಗಿ, ಮೂಲೆಗಳು ದುಂಡಾಗಿ ಇರುವಂಥದು. ತಿಂಡಿ ತಿನಿಸಿನ ಪೊಟ್ಟಣಕ್ಕೆ ಒಪ್ಪುತ್ತದೆ. ಟಿರೊ ಕನ್ನಡ ಪುಸ್ತಕದ ಓದಿಗೆ ತಕ್ಕದ್ದು. ವಿವರಣೆಯ ಸಾಲುಗಳಿಗೆ ಬಳಸಬಹುದು. ಮೇಲಿನ ಬೆಟ್ಟ-ತೋಟದ ಲಾಂಛನಕ್ಕೆ ಅನೇಕ್ ಕನ್ನಡದ ಮಧ್ಯಮ ದಪ್ಪ ಸರಿಹೊಂದುತ್ತದೆ. ಅನೇಕ್ ಕುಟುಂಬದಲ್ಲಿ ದೇವನಾಗರಿ, ಗುಜರಾತಿ ಮತ್ತು ರೋಮನ್ ಲಿಪಿಗಳೂ ಇರುವುದು ಇನ್ನೊಂದು ಅನುಕೂಲ. ಚಾಲಿಗೆ ಗುಜರಾತಿನಲ್ಲಿ ಬೇಡಿಕೆ ಇರುವುದರಿಂದ, ಅಲ್ಲಿಗೆ ಹೋಗುವ ಚೀಲದ ಮೇಲೆ ಅದೇ ಕುಟುಂಬದ ಗುಜರಾತಿ ಅಕ್ಷರ ಬಳಸಿದರೆ ಎರಡೂ ಒಂದೇ ಮನೆಯವೆಂದು ಕಾಣುತ್ತವೆ.

ಅಚ್ಚಿನ ಮನೆಯ ಗಣಕದಲ್ಲಿ ಆ ಅಕ್ಷರವಿನ್ಯಾಸ ಇಲ್ಲದಿದ್ದರೆ ಹೆಸರು ಬೇರೆ ರೂಪ ತಾಳುತ್ತದೆ. ಕೆಲವು ತಂತ್ರಾಂಶಗಳಲ್ಲಿ ಒತ್ತು ಕಳಚಿಕೊಂಡು ಪಕ್ಕದಲ್ಲಿ ನಿಲ್ಲುತ್ತದೆ. ಆದುದರಿಂದ ಹೆಸರನ್ನು ಅಕ್ಷರವಾಗಿ ಕಳುಹಿಸದೆ, ಗೆರೆಗಳ ಚಿತ್ರವಾಗಿ ಪರಿವರ್ತಿಸಿ ಕಳುಹಿಸಬೇಕು. ಕರಡಚ್ಚನ್ನು ಕನ್ನಡ ಚೆನ್ನಾಗಿ ಓದಬಲ್ಲ ಇಬ್ಬರಾದರೂ ನೋಡಿದ ಮೇಲೆಯೇ ಒಪ್ಪಿಗೆ ಕೊಡಬೇಕು. ಹತ್ತು ಸಾವಿರ ಪೊಟ್ಟಣ ಅಚ್ಚಾದ ಮೇಲೆ ಕಾಣುವ ತಪ್ಪನ್ನು ತಿದ್ದಲಾಗದು.

ಬಣ್ಣ ಮತ್ತು ಸ್ಥಾನ

ಲಾಂಛನವನ್ನು ಮೊದಲು ಒಂದೇ ಬಣ್ಣದಲ್ಲಿ, ಅಂದರೆ ಕಪ್ಪಿನಲ್ಲಿ, ಸಿದ್ಧಪಡಿಸಬೇಕು. ಕಪ್ಪಿನಲ್ಲಿ ನಿಲ್ಲದ ರಚನೆ ಬಣ್ಣ ಹಚ್ಚಿದರೂ ನಿಲ್ಲುವುದಿಲ್ಲ. ನಂತರ ಪೊಟ್ಟಣಕ್ಕೆ ಒಂದು ಅಥವಾ ಎರಡು ಬಣ್ಣ ಸಾಕು.

ಆಹಾರ ಪದಾರ್ಥಗಳ ಮೇಲೆ ಸಸ್ಯಾಹಾರದ ಗುರುತಾದ ಹಸಿರು ಚೌಕದೊಳಗಿನ ಹಸಿರು ವೃತ್ತ ಇರುತ್ತದೆ. ಮಾಂಸಾಹಾರದ ಗುರುತಾದ ಕಂದು ವೃತ್ತವನ್ನು ತ್ರಿಕೋನವಾಗಿ ಬದಲಿಸಲು ಸೂಚಿಸಲಾಗಿದೆ. ಬಣ್ಣಗುರುಡು ಇರುವವರು ಆಕಾರದಿಂದಲೇ ಗುರುತಿಸಲಿ ಎಂಬುದು ಇದರ ಉದ್ದೇಶ. ಸಂಘದ ಲಾಂಛನ ಇವುಗಳನ್ನು ಹೋಲಬಾರದು. ಮೇಲಿನ ಉದಾಹರಣೆಯ ತ್ರಿಕೋನಕ್ಕೂ ಸುತ್ತ ಚೌಕ ಹಾಕಿ ಕಂದು ಬಣ್ಣ ಬಳಿದರೆ ಗೊಂದಲವಾಗುತ್ತದೆ.

ನಿವ್ವಳ ತೂಕ, ಬೆಲೆ, ತಯಾರಕರ ವಿಳಾಸ, 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಮುಂತಾದ ಕಡ್ಡಾಯ ವಿವರಗಳಿಗೆ ಮೊದಲು ಜಾಗ ಗೊತ್ತುಮಾಡಿ, ಆಮೇಲೆ ಲಾಂಛನವನ್ನು ಕೂರಿಸಬೇಕು. ಸುಪಾರಿಯ ಪೊಟ್ಟಣದ ಮೇಲೆ ಅದರ ಅಗಿಯುವಿಕೆ ಆರೋಗ್ಯಕ್ಕೆ ಹಾನಿಕರವೆಂಬ ಎಚ್ಚರಿಕೆಯೂ ಕಡ್ಡಾಯ. ಅದನ್ನು ಲಾಂಛನದ ನೆರಳಿನಲ್ಲಿ ಅಡಗಿಸಬಾರದು.

ಪರೀಕ್ಷೆ

ರಚನೆಯನ್ನು ಅಂತಿಮಗೊಳಿಸುವ ಮೊದಲು ಈ ಕೆಳಗಿನಂತೆ ಪರೀಕ್ಷಿಸಬೇಕು.

1. ಲಾಂಛನವನ್ನು 10 ಮಿ.ಮೀ.ಗೆ ಕುಗ್ಗಿಸಿ ಒತ್ತಿ ನೋಡುವುದು.

2. ಹಳೆಯ ಗೋಣಿಚೀಲದ ಮೇಲೆ ತಗಡಿನ ಅಚ್ಚಿನಿಂದ ಬಣ್ಣ ಹೊಡೆದು, ಒಂದು ವಾರ ಬಿಸಿಲಿಗಿಟ್ಟು ನೋಡುವುದು.

3. ಪೊಟ್ಟಣವನ್ನು ಬೇರೆ ನಾಲ್ಕು ಪೊಟ್ಟಣಗಳ ನಡುವೆ ಇಟ್ಟು, ಮೂರು ಮೀಟರ್ ದೂರದಿಂದ ಗುರುತಿಸಲು ಹೇಳುವುದು.

4. ಲಾಂಛನದ ಆಕಾರವನ್ನು ದೂರವಾಣಿಯಲ್ಲಿ ಮಾತಿನಿಂದಷ್ಟೇ ವರ್ಣಿಸಿ, ಕೇಳಿದವರಿಂದ ಬರೆಯಿಸುವುದು.

5. ಓದು ಬಾರದ ಹಿರಿಯರೊಬ್ಬರಿಗೆ ಒಮ್ಮೆ ತೋರಿಸಿ, ಮಾರನೆಯ ದಿನ ನೆಲದ ಮೇಲೆ ಗೀರಿ ತೋರಿಸಲು ಕೇಳುವುದು.

ಕೊನೆಯ ಎರಡರಲ್ಲಿ ಸೋತ ಲಾಂಛನ ಎಷ್ಟು ಅಂದವಾಗಿದ್ದರೂ ಅದನ್ನು ಇನ್ನಷ್ಟು ಸರಳಗೊಳಿಸಬೇಕು.

ನೋಂದಣಿ

ಲಾಂಛನ ಮತ್ತು ಹೆಸರನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸುವುದು ಕ್ಷೇಮಕರ. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಆನ್‌ಲೈನ್ ಮೂಲಕವೂ ಸಲ್ಲಿಸಬಹುದು. 2017ರ ನಿಯಮಗಳಂತೆ ಆನ್‌ಲೈನ್ ಅರ್ಜಿಗೆ ಪ್ರತಿ ವರ್ಗಕ್ಕೆ ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ರೂ. 4,500, ಇತರರಿಗೆ ರೂ. 9,000 ಶುಲ್ಕ. ಮೆಣಸು, ಜೇನುತುಪ್ಪ 30ನೆಯ ವರ್ಗಕ್ಕೂ, ಸಂಸ್ಕರಿಸದ ತೋಟದ ಉತ್ಪನ್ನಗಳು 31ನೆಯ ವರ್ಗಕ್ಕೂ ಸೇರುತ್ತವೆ. ಅರ್ಜಿಗೆ ಮೊದಲು ಅದನ್ನು ಹೋಲುವ ಗುರುತು ಈಗಾಗಲೇ ದಾಖಲಾಗಿದೆಯೇ ಎಂದು ಹುಡುಕಿ ನೋಡಬೇಕು. ಚಿಹ್ನೆ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳವರೆಗೆ ಆಕ್ಷೇಪಣೆಗೆ ಅವಕಾಶವಿದೆ. ನೋಂದಣಿ 10 ವರ್ಷಗಳವರೆಗೆ ಊರ್ಜಿತ, ಆಮೇಲೆ ನವೀಕರಿಸಬಹುದು.

ನೋಂದಣಿಯಾಗುವ ಮೊದಲೇ ವೃತ್ತದೊಳಗೆ 'ಆರ್' ಅಕ್ಷರವಿರುವ ಗುರುತನ್ನು ಹಾಕಿಕೊಳ್ಳುವುದು ಅಪರಾಧ. ರಾಷ್ಟ್ರಲಾಂಛನ, ರಾಷ್ಟ್ರಧ್ವಜ ಮುಂತಾದವನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಕಾಯಿದೆ ತಡೆಯುತ್ತದೆ. ಹಲವು ಗುಂಪುಗಳು ಸೇರಿದ ಒಕ್ಕೂಟವಾದರೆ, ಎಲ್ಲ ಸದಸ್ಯರೂ ಬಳಸಬಹುದಾದ ಸಾಮೂಹಿಕ ಚಿಹ್ನೆಯಾಗಿ ನೋಂದಾಯಿಸಲು ಅವಕಾಶವಿದೆ. ಯಾರು, ಯಾವ ಮಾಲಿಗೆ ಬಳಸಬಹುದು ಎಂಬ ನಿಯಮಾವಳಿಯನ್ನು ಅರ್ಜಿಯೊಡನೆ ಕೊಡಬೇಕಾಗುತ್ತದೆ.

ಗುರುತಿನ ಹಿಂದಿನ ದರ್ಜೆ

ಇಷ್ಟೆಲ್ಲ ಮಾಡಿದರೂ ಲಾಂಛನವು ಮಾಲಿನ ದರ್ಜೆಯನ್ನು ಹೆಚ್ಚಿಸುವುದಿಲ್ಲ. ಇರುವ ದರ್ಜೆಯನ್ನು ಕೊಳ್ಳುವವನ ನೆನಪಿನಲ್ಲಿ ಉಳಿಸುತ್ತದೆ. ಕೆಟ್ಟ ಮಾಲಿನ ನೆನಪನ್ನೂ ಅದು ಅಷ್ಟೇ ಚೆನ್ನಾಗಿ ಉಳಿಸುತ್ತದೆ. ಟೆಂಡರಿನಲ್ಲಿ ಒಂದು ರಾಶಿ ಕಳಪೆಯಾದರೆ ಆ ದಿನದ ದರವಷ್ಟೇ ಇಳಿಯುತ್ತದೆ. ಗುರುತಿರುವ ಪೊಟ್ಟಣ ಕಳಪೆಯಾದರೆ ಮುಂದಿನ ವರ್ಷದ ಮಾಲೂ ಅಂಗಡಿಯಲ್ಲೇ ಉಳಿಯುತ್ತದೆ; ಒಬ್ಬ ಸದಸ್ಯನ ಅಜಾಗರೂಕತೆಗೆ ಇಡೀ ಸಂಘ ನಷ್ಟ ಅನುಭವಿಸುತ್ತದೆ.

ಆದುದರಿಂದ ಲಾಂಛನದ ಮೂಲಪ್ರತಿಯ ಜೊತೆಯಲ್ಲೇ ದರ್ಜೆಯ ನಿಯಮಗಳನ್ನೂ ಬರೆದಿಡಬೇಕು. ಕಾಳುಮೆಣಸಾದರೆ ಜೊಳ್ಳು, ದೇಟು, ಮಣ್ಣು ತೆಗೆದು, ಲೀಟರ್ ತೂಕ 550 ಗ್ರಾಂಗೆ ಕಡಿಮೆಯಿಲ್ಲದಂತೆ, ತೇವಾಂಶ ಶೇ. 11ರ ಒಳಗಿರುವಂತೆ ಒಣಗಿಸಬೇಕು. ಜೇನುತುಪ್ಪವಾದರೆ ಮುಚ್ಚಿದ ಕೋಶಗಳ ಎರಿಯಿಂದಷ್ಟೇ ತೆಗೆದು, ತೇವಾಂಶ ಶೇ. 20ನ್ನು ಮೀರದಂತೆ ನೋಡಿಕೊಳ್ಳಬೇಕು. ಈ ಅಳತೆಗೆ ಬಾರದ ಮಾಲನ್ನು ಗುರುತಿಲ್ಲದೆ ಸಗಟಾಗಿ ಮಾರಬೇಕೇ ಹೊರತು ಲಾಂಛನದ ಪೊಟ್ಟಣಕ್ಕೆ ತುಂಬಬಾರದು. ತಗಡಿನ ಅಚ್ಚು ಮತ್ತು ರಬ್ಬರ್ ಮೊಹರು ಒಬ್ಬ ಜವಾಬ್ದಾರಿಯುತ ಸದಸ್ಯರ ವಶದಲ್ಲಿರಬೇಕು; ಯಾವ ದಿನ, ಯಾವ ಮಾಲಿಗೆ, ಎಷ್ಟು ಪೊಟ್ಟಣಕ್ಕೆ ಒತ್ತಲಾಯಿತೆಂಬ ದಾಖಲೆ ಇಡಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೆಸರು ಪೊಟ್ಟಣದ ಮೇಲಿದ್ದರೆ ಈ ಎಚ್ಚರ ಇನ್ನೂ ಹೆಚ್ಚಿರಬೇಕು. ಹೊರಗಿನ ಅಗ್ಗದ ಮಾಲನ್ನು ಆ ಹೆಸರಿನ ಕೆಳಗೆ ಬೆರೆಸಿದರೆ, ಕೆಡುವುದು ಮೂರೂ ತಾಲ್ಲೂಕುಗಳ ಬೆಳೆಗಾರರ ಹೆಸರು.

ದರ್ಜೆ ವಿಂಗಡಣೆ, ಒಣಗಿಸುವಿಕೆ ಮತ್ತು ಸಂಸ್ಕರಣೆಯ ಬಗ್ಗೆ ರೈತ ಬಾಂಧವರು ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಬರುವ ಮೆಣಸಿನ ಕೊಯ್ಲಿಗೆ ಮೊದಲು ಸಂಘದ ಒಂದು ಸಭೆಯಲ್ಲಿ ನಕ್ಷೆಯ ಹಾಳೆ ಮತ್ತು ಕೈವಾರವನ್ನು ಮುಂದಿಟ್ಟುಕೊಂಡು ಕುಳಿತರೆ, ಹೊಸ ಮಾಲು ತನ್ನದೇ ಗುರುತಿನೊಡನೆ ಪೇಟೆಗೆ ಹೊರಡಲು ಸಾಧ್ಯ.